ಜೇಡಿಮಣ್ಣಿನ ಹೊಸ ಬಲ

ಬಂಗಾರಪೇಟೆಯಲ್ಲಿ ಹಿರಿಯ ಹಳಿಯನ್ನು ಬಿಟ್ಟು ಮಾರಿಕುಪ್ಪದ ಕಡೆಗೆ ಹೊರಳುವ ರೈಲಿನಲ್ಲಿ ಕುಳಿತವರಿಗೆ, ಕೋರಮಂಡಲ, ಉರಿಗಾಂ, ಚಾಂಪಿಯನ್ ಎಂಬ ನಿಲ್ದಾಣಗಳು ಒಂದೊಂದಾಗಿ ಬರುವ ಹೊತ್ತಿಗೆ ಬೂದುಬಣ್ಣದ ದಿಬ್ಬಗಳು ಎದುರಾಗುತ್ತವೆ. ಅವು ಪ್ರಕೃತಿ ಮಾಡಿದ ಬೆಟ್ಟಗಳಲ್ಲ. ೧೮೮೦ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪೆನಿಯು ಇಲ್ಲಿ ಗಣಿಗಾರಿಕೆಯನ್ನು ಕೈಗೆತ್ತಿಕೊಂಡಂದಿನಿಂದ ೨೦೦೧ರ ಫೆಬ್ರವರಿಯಲ್ಲಿ ಗಣಿಗಳು ಮುಚ್ಚುವವರೆಗೆ, ಭೂಗರ್ಭದಿಂದ ಮೇಲೆತ್ತಿ, ಪುಡಿಮಾಡಿ, ಚಿನ್ನವನ್ನು ತೆಗೆದುಕೊಂಡು, ಬೇಡವೆಂದು ಸುರಿದ ಕಲ್ಲಿನ ಹಿಟ್ಟು ಅದು. ಊರವರು ಅವನ್ನು ಸೈನೈಡ್ ದಿಬ್ಬಗಳೆಂದು ಕರೆಯುತ್ತಾರೆ. ಎಲ್ಲವೂ ಸೇರಿ ಮೂರು ಕೋಟಿ ಟನ್ನುಗಳಿಗೂ ಮಿಗಿಲು. ಅಷ್ಟು ಕಲ್ಲನ್ನು ಅರೆದು ನೂರಿಪ್ಪತ್ತು ವರ್ಷಗಳಲ್ಲಿ ಪಡೆದ ಚಿನ್ನ ಸುಮಾರು ೮೦೦ ಟನ್. ಚಿನ್ನ ಊರು ಬಿಟ್ಟು ಹೋಯಿತು, ಹಿಟ್ಟು ಉಳಿಯಿತು. ಬೇಸಿಗೆಯ ಗಾಳಿ ಎದ್ದಾಗ ಅದು ಜನರ ಅಂಗಳಕ್ಕೂ ಅನ್ನದ ತಟ್ಟೆಗೂ ಬರುತ್ತದೆ.

ನಾನು ಈ ಹೊತ್ತು ಹೇಳಹೊರಟಿರುವುದು ಚಿನ್ನದ ವಿಷಯವನ್ನಲ್ಲ, ಜೇಡಿಮಣ್ಣಿನ ವಿಷಯವನ್ನು. ಆದರೆ ಈ ದಿಬ್ಬಗಳ ಬಳಿಯಿಂದಲೇ ಮಾತು ಹೊರಡಬೇಕು. ಏಕೆಂದರೆ ಜೇಡಿಯ ಗುಣವೇನು ಎಂಬುದು ಜೇಡಿ ಇಲ್ಲದ ಕಡೆಯೇ ಚೆನ್ನಾಗಿ ತಿಳಿಯುತ್ತದೆ.

ಚಾಂಪಿಯನ್ ರೀಫ್ಸ್‌ನಲ್ಲಿ ೧೯೮೮ರಲ್ಲಿ ರಾಷ್ಟ್ರೀಯ ಶಿಲಾಯಂತ್ರಶಾಸ್ತ್ರ ಸಂಸ್ಥೆ ಸ್ಥಾಪನೆಯಾಯಿತು. ಅಲ್ಲಿನ ವಿಜ್ಞಾನಿಗಳು ಈ ಹಿಟ್ಟಿನಿಂದ ಇಟ್ಟಿಗೆ ಮಾಡಲು ಸಾಧ್ಯವೇ ಎಂದು ಪರೀಕ್ಷಿಸಿ, ತಾವು ಕಂಡದ್ದನ್ನು ೨೦೦೭ರಲ್ಲಿ ಪ್ರಕಟಿಸಿದರು. ಮೊದಲ ಹೆಜ್ಜೆಯಲ್ಲೇ ತೊಡಕು. ನೀರು ಹಾಕಿ ಕಲಸಿದರೆ ಮಣ್ಣು ಮುದ್ದೆಯಾಗಬೇಕು, ಒತ್ತಿದ ಆಕಾರದಲ್ಲಿ ನಿಲ್ಲಬೇಕು. ಈ ಗುಣವನ್ನು ಅಳೆಯಲು ಮಣ್ಣಿನ ಎಂಜಿನಿಯರುಗಳಲ್ಲಿ ಒಂದು ಅಂಕವಿದೆ. ಗಣಿಯ ಹಿಟ್ಟಿಗೆ ಅದು ಸೊನ್ನೆ! ಎಷ್ಟು ನುಣ್ಣಗಿದ್ದರೂ ಅದು ಕಲ್ಲೇ. ಒಂದು ಕಣ ಇನ್ನೊಂದು ಕಣವನ್ನು ಹಿಡಿದುಕೊಳ್ಳುವುದಿಲ್ಲ. ಆದುದರಿಂದ ಅವರು ಹಿಟ್ಟಿಗೆ ಸಿಮೆಂಟನ್ನು ಬೆರಸಿ ನೋಡಿದರು, ಎರೆಮಣ್ಣನ್ನು ಬೆರಸಿ ನೋಡಿದರು, ಕೆಮ್ಮಣ್ಣನ್ನು ಬೆರಸಿ ನೋಡಿದರು. ನೂರಕ್ಕೆ ೨೦ ಪಾಲು ಸಿಮೆಂಟು ಸೇರಿಸಿ ೧೪ ದಿನ ನೀರಿನಲ್ಲಿ ಇಟ್ಟ ಇಟ್ಟಿಗೆಗಳು ಬೇಕಾದಷ್ಟು ಗಟ್ಟಿಯಾದವು. ಆದರೆ ಲೆಕ್ಕ ಹಾಕಿದಾಗ ಬೆಲೆ ನಿಲುಕಲಿಲ್ಲ. ಮಣ್ಣು ಬೆರಸಿ, ಬಿಸಿಲಿಗೆ ಒಣಗಿಸಿ, ಕುಲುಮೆಯಲ್ಲಿ ಸುಟ್ಟ ಇಟ್ಟಿಗೆಗಳು ಅಗ್ಗವಾಗಿ ಬಂದವು. ಒಣಗುವಾಗ ಇಟ್ಟಿಗೆ ಎಷ್ಟು ಕುಗ್ಗಿತು, ಎಷ್ಟು ನೀರು ಕುಡಿಯಿತು, ಎಷ್ಟು ಭಾರಕ್ಕೆ ಒಡೆಯಿತು ಎಂಬ ಮೂರು ಪ್ರಶ್ನೆಗಳನ್ನು ಪ್ರತಿಯೊಂದು ಬೆರಕೆಗೂ ಕೇಳಿದರು. ಮಾಲೂರಿನ ಹೆಂಚು-ಇಟ್ಟಿಗೆಗಳ ಕಾರ್ಖಾನೆಯವರೂ ಕೇಳುವ ಪ್ರಶ್ನೆಗಳೇ ಇವು.

ಹಾಗಾದರೆ ಕಲ್ಲಿನ ಹಿಟ್ಟಿನಲ್ಲಿ ಇಲ್ಲದ, ಮಣ್ಣಿನಲ್ಲಿ ಇರುವ ಆ ಬಂಧಕವಾದರೂ ಏನು? ಅದು ಜೇಡಿ. ಬರಿಯ ಸಣ್ಣತನ ಅಲ್ಲ ಅದರ ಗುಟ್ಟು, ಆಕಾರ. ಕಲ್ಲಿನ ಕಣ ಒಂದು ಹರಳು, ಸಕ್ಕರೆಯ ಕಾಳಿನಂತೆ ಗುಂಡೋ ಚೌಕವೋ ಆದದ್ದು. ಜೇಡಿಯ ಕಣವಾದರೋ ಒಂದು ಪುಸ್ತಕ. ಹಾಳೆಯ ಮೇಲೆ ಹಾಳೆ ಪೇರಿಸಿದ ಕಟ್ಟು. ಹಾಳೆಗಳ ನಡುವೆ ನೀರು ಸುಳಿದಾಗ ಅವು ಒಂದರ ಮೇಲೊಂದು ಜಾರುತ್ತವೆ, ನೀರು ಆರಿದಾಗ ಅಂಟಿಕೊಳ್ಳುತ್ತವೆ. ಕುಂಬಾರನ ತಿಗುರಿಯ ಮೇಲೆ ಮಣ್ಣು ಬೆರಳಿಗೆ ಮಣಿಯುವುದು ಇದರಿಂದಲೇ.

ಪುಸ್ತಕಗಳಲ್ಲೂ ಬಗೆಗಳುಂಟು. ಕೋಲಾರ ಸೀಮೆಯ ಕೆಮ್ಮಣ್ಣಿನಲ್ಲಿ ಹೆಚ್ಚಾಗಿರುವುದು ಕೆಯೊಲಿನೈಟ್ ಎಂಬ ಜೇಡಿ. ಅದರ ಹಾಳೆಗಳು ಒಂದನ್ನೊಂದು ಬಿಗಿಯಾಗಿ ಹಿಡಿದಿರುತ್ತವೆ. ನೀರು ಸುತ್ತಲೂ ತಗಲುತ್ತದೆಯೇ ಹೊರತು ಒಳಗೆ ನುಗ್ಗಲಾರದು. ಧಾರವಾಡ, ವಿಜಯಪುರಗಳ ಎರೆಮಣ್ಣಿನಲ್ಲಿರುವುದು ಮಾಂಟ್‌ಮೊರಿಲ್ಲೊನೈಟ್; ಫ್ರಾನ್ಸಿನ ಮಾಂಟ್‌ಮೊರಿಲ್ಲೊನ್ ಎಂಬ ಊರಿನಿಂದ ಬಂದ ಹೆಸರು. ಇದರ ಹಾಳೆಗಳ ಹಿಡಿತ ಸಡಿಲ. ನೀರು ಒಳಹೊಕ್ಕು ಹಾಳೆಗಳನ್ನು ದೂರ ಸರಿಸುತ್ತದೆ, ಮಣ್ಣು ಉಬ್ಬುತ್ತದೆ. ಬೇಸಿಗೆಯಲ್ಲಿ ನೀರು ಹೊರಟುಹೋದಾಗ ಕಾಲು ಸಿಕ್ಕಿಕೊಳ್ಳುವಷ್ಟು ಬಿರುಕು ಬಿಡುತ್ತದೆ. ಎರೆಯ ಹೊಲವನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ೧೯೭೪ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ‘ಅಸ್ತ್ರ’ ಎಂಬ ಹೆಸರಿನಿಂದ ಆರಂಭವಾದ ಗ್ರಾಮೀಣ ತಂತ್ರವಿದ್ಯೆಯ ಕೇಂದ್ರವು ಒತ್ತುಯಂತ್ರದ ಮಣ್ಣಿಟ್ಟಿಗೆಗಳನ್ನು ರೂಪಿಸಿದಾಗಲೂ ಈ ಭೇದವೇ ಮುಖ್ಯವಾಯಿತು: ಕೆಮ್ಮಣ್ಣಿಗೆ ಒಂದಿಷ್ಟು ಸಿಮೆಂಟು ಸಾಕು, ಎರೆಮಣ್ಣಿಗಾದರೆ ಸುಣ್ಣದ ನೆರವು ಬೇಕು.

ಮನೆ ಕಟ್ಟುವವನಿಗೆ ಶತ್ರುವಾದ ಈ ಉಬ್ಬುವ ಜೇಡಿಯೇ ನನ್ನ ಮಾತಿನ ನಾಯಕ.

ಅದರ ಒಂದು ಹಾಳೆಯ ದಪ್ಪ ಒಂದು ನ್ಯಾನೊಮೀಟರ್, ಅಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು. ‘ನ್ಯಾನೊ’ ಎಂಬುದು ಗ್ರೀಕಿನ ಕುಳ್ಳ. ಇಂದು ಆ ಕುಳ್ಳನ ಹೆಸರು ಹೇಳಿಕೊಂಡು ಮಾರಾಟವಾಗದ ವಸ್ತುವಿಲ್ಲ, ಅದು ಬೇರೆ ಮಾತು. ಹಾಳೆಯ ಅಗಲ ಮಾತ್ರ ನೂರಾರು ನ್ಯಾನೊಮೀಟರ್. ಒಂದು ಮಿಲಿಮೀಟರ್ ದಪ್ಪದ ಹಪ್ಪಳವನ್ನು ಒಂದು ಗೇಣಗಲಕ್ಕೆ ಲಟ್ಟಿಸಿದರೆ ಬರುವ ಪ್ರಮಾಣ ಅದು. ಸೈನೈಡ್ ದಿಬ್ಬದ ನುಣುಪಾದ ಕಣ, ೭೫ ಮೈಕ್ರಾನಿನದು ಎಂದು ಇಟ್ಟುಕೊಳ್ಳೋಣ, ಈ ಹಾಳೆಯ ದಪ್ಪದ ೭೫,೦೦೦ ಪಟ್ಟು. ಒಂದು ಗ್ರಾಂ ಮಾಂಟ್‌ಮೊರಿಲ್ಲೊನೈಟಿನ ಹಾಳೆಗಳನ್ನೆಲ್ಲ ಬಿಡಿಸಿ, ಎರಡೂ ಮೈಗಳನ್ನು ಲೆಕ್ಕಕ್ಕೆ ಹಿಡಿದರೆ ಸುಮಾರು ೭೫೦ ಚದರ ಮೀಟರ್ ಆಗುತ್ತದೆ. ಬೆಂಗಳೂರಿನ ಅಳತೆಯಲ್ಲಿ ಹೇಳುವುದಾದರೆ, ಮೂವತ್ತು-ನಲವತ್ತರ ಆರು ನಿವೇಶನಗಳಿಗೂ ಮಿಕ್ಕಿ. ಒಂದು ಚಿಟಿಕೆ ಮಣ್ಣಿನಲ್ಲಿ!

ಇನ್ನು ಇನ್ನೊಬ್ಬ ಪಾತ್ರಧಾರಿ, ಪಾಲಿಮರ್. ಪ್ಲಾಸ್ಟಿಕ್, ನೈಲಾನ್, ರಬ್ಬರ್ ಇವೆಲ್ಲ ಪಾಲಿಮರುಗಳೇ. ಪುಟ್ಟ ಅಣುಗಳು ಒಂದರ ಬಾಲಕ್ಕೆ ಇನ್ನೊಂದು ಕೂಡಿಕೊಂಡು ಸಾವಿರಾರು ಕೊಂಡಿಗಳ ಸರಪಳಿಯಾಗುತ್ತವೆ. ಆ ಸರಪಳಿಗಳು ಶಾವಿಗೆಯಂತೆ ಸಿಕ್ಕುಬಿದ್ದಿರುತ್ತವೆ. ಎಳೆದರೆ ಹಿಗ್ಗುತ್ತವೆ, ಕಾಯಿಸಿದರೆ ಮೆತ್ತಗಾಗುತ್ತವೆ. ಇದೇ ಅವುಗಳ ಸೊಗಸು, ಇದೇ ಅವುಗಳ ದೌರ್ಬಲ್ಯ. ಗಟ್ಟಿಮಾಡಲು ಗಾಜಿನ ನಾರನ್ನೋ ಬಳಪದ ಪುಡಿಯನ್ನೋ ಬೆರಸುವುದು ಹಳೆಯ ರೂಢಿ. ನಮ್ಮ ಹಿರಿಯರು ಗೋಡೆಯ ಮಣ್ಣಿಗೆ ಹುಲ್ಲು ಕತ್ತರಿಸಿ ಸೇರಿಸುತ್ತಿದ್ದುದೂ ಇದೇ ತತ್ತ್ವ. ಎರಡು ವಸ್ತುಗಳು ತಮ್ಮ ತಮ್ಮ ಗುಣ ಬಿಡದೆ ಒಂದಾಗಿ ದುಡಿಯುವ ಇಂಥದನ್ನು ಸಂಮಿಶ್ರ ಎನ್ನೋಣ. ಆದರೆ ಪುಡಿಯ ಸಂಮಿಶ್ರದಲ್ಲಿ ಒಂದು ಕಷ್ಟವಿದೆ: ಗುಣ ಕಾಣಬೇಕಾದರೆ ನೂರಕ್ಕೆ ಇಪ್ಪತ್ತು ಮೂವತ್ತು ಪಾಲು ತುಂಬಬೇಕು. ವಸ್ತು ತೂಕವಾಗುತ್ತದೆ, ಒರಟಾಗುತ್ತದೆ.

ಜೇಡಿಯ ಪುಸ್ತಕವನ್ನು ಹಾಳೆಹಾಳೆಯಾಗಿ ಬಿಡಿಸಿ ಪ್ಲಾಸ್ಟಿಕ್ಕಿನಲ್ಲಿ ಹರಡಿದರೆ? ಕೇಳಲು ಸುಲಭ. ಅರೆಯುವುದರಿಂದ ಮಾತ್ರ ಇದು ಆಗದು. ಕೋಲಾರದ ಗಣಿಗಳಲ್ಲಿ ಒನಕೆಯಂತೆ ಎದ್ದು ಬೀಳುವ ಉಕ್ಕಿನ ಕುಟ್ಟಣಿಗಳಿದ್ದವು. ಅದಿರನ್ನು ಹಿಟ್ಟು ಮಾಡಿದರೆ ಕಲ್ಲಿನೊಳಗಿನ ಚಿನ್ನದ ಕಣ ಹೊರಬಿದ್ದು ಸೈನೈಡ್ ದ್ರಾವಣಕ್ಕೆ ಸಿಗುತ್ತಿತ್ತು. ಅಲ್ಲಿ ಬಲಪ್ರಯೋಗವೇ ದಾರಿ. ಜೇಡಿಯನ್ನು ಕುಟ್ಟಿದರೆ ಪುಸ್ತಕ ಚೂರಾಗುತ್ತದೆ, ತೆರೆದುಕೊಳ್ಳುವುದಿಲ್ಲ. ಅದನ್ನು ರಾಸಾಯನಿಕವಾಗಿ ಒಲಿಸಿಕೊಳ್ಳಬೇಕು.

ಒಲಿಸುವ ಬಗೆ ಹೀಗಿದೆ. ಜೇಡಿಯ ಹಾಳೆಯಲ್ಲಿ ಅಲ್ಯೂಮಿನಿಯಂ ಇರಬೇಕಾದ ಕೆಲವು ಎಡೆಗಳಲ್ಲಿ ಮೆಗ್ನೀಸಿಯಂ ಕುಳಿತಿರುತ್ತದೆ. ಅದರಿಂದ ಹಾಳೆಗೆ ಋಣ ವಿದ್ಯುದಂಶ ಬರುತ್ತದೆ. ಅದನ್ನು ಸರಿದೂಗಿಸಲು ಹಾಳೆಗಳ ನಡುವೆ ಸೋಡಿಯಂ ಅಥವಾ ಕ್ಯಾಲ್ಸಿಯಂ ಅಯಾನುಗಳು ಸೇರಿಕೊಂಡಿರುತ್ತವೆ. ಈ ಅಯಾನುಗಳಿಗೆ ನೀರೆಂದರೆ ಪ್ರೀತಿ, ಎಣ್ಣೆಯ ಜಾತಿಯ ಪಾಲಿಮರ್ ಎಂದರೆ ಹಗೆ. ಆದುದರಿಂದ ಜೇಡಿಯನ್ನು ಮೊದಲು ಮರಳು ಕಸ ಹೋಗುವಂತೆ ತೊಳೆದು, ಬಿಸಿನೀರಿನಲ್ಲಿ ಕದಡಿ, ಅದಕ್ಕೆ ಅಮೋನಿಯಂ ಜಾತಿಯ ಒಂದು ಲವಣದ ದ್ರಾವಣವನ್ನು ಸೇರಿಸುತ್ತಾರೆ. ಈ ಲವಣದ ಅಣುವಿಗೆ ಧನಾಂಶದ ತಲೆಯೂ ಇಂಗಾಲದ ಉದ್ದ ಬಾಲವೂ ಇವೆ. ಸೀಗೆಕಾಯಿಯ ಸತ್ತ್ವ ಒಂದು ಕೈಯಿಂದ ನೀರನ್ನೂ ಇನ್ನೊಂದು ಕೈಯಿಂದ ಜಿಡ್ಡನ್ನೂ ಹಿಡಿಯುವಂತೆ, ಇದು ತಲೆಯಿಂದ ಜೇಡಿಯನ್ನು ಹಿಡಿದು ಬಾಲವನ್ನು ಪಾಲಿಮರಿನತ್ತ ಚಾಚುತ್ತದೆ. ಸೋಡಿಯಂ ಹೊರಬೀಳುತ್ತದೆ, ಹಾಳೆಗಳ ಅಂತರ ಹಿಗ್ಗುತ್ತದೆ. ಗಷ್ಟನ್ನು ಸೋಸಿ, ಮತ್ತೆ ಮತ್ತೆ ತೊಳೆದು, ಒಣಗಿಸಿ ಪುಡಿಮಾಡಿದರೆ ನೀರನ್ನು ಒಲ್ಲದ, ಎಣ್ಣೆಗೆ ಒಲಿಯುವ ಜೇಡಿ ಸಿದ್ಧ.

ಮುಂದಿನ ದಾರಿಗಳು ಮೂರು. ಪಾಲಿಮರನ್ನು ಯಾವುದಾದರೂ ದ್ರವದಲ್ಲಿ ಕರಗಿಸಿ, ಜೇಡಿ ಬೆರಸಿ, ದ್ರವವನ್ನು ಆವಿಯಾಗಿಸುವುದು ಒಂದು. ಪ್ರಯೋಗಶಾಲೆಗೆ ಸರಿ, ಕಾರ್ಖಾನೆಗೆ ದುಬಾರಿ. ಎರಡನೆಯದು, ಕರಗಿದ ಪ್ಲಾಸ್ಟಿಕ್ಕಿನೊಂದಿಗೆ ಜೇಡಿಯನ್ನು ಜೋಡಿ ತಿರುಪುಗಳಿರುವ ಬಿಸಿ ಕೊಳವೆಯಲ್ಲಿ ನಾದಿ ಹೊರಡಿಸುವುದು. ಚಕ್ಕುಲಿಯ ಒರಳನ್ನು ನೆನೆದುಕೊಂಡರೆ ಯಂತ್ರದ ಅಂದಾಜು ಸಿಗುತ್ತದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ ೧೯೯೩ರಲ್ಲಿ, ದ್ರಾವಣದ ಹಂಗಿಲ್ಲದೆ ಕರಗಿದ ಪಾಲಿಮರ್ ತಾನಾಗಿ ಹಾಳೆಗಳ ನಡುವೆ ನುಸುಳುವುದನ್ನು ತೋರಿಸಿದ ಮೇಲೆ ಈ ದಾರಿ ಬಳಕೆಗೆ ಬಂತು. ಮೂರನೆಯದೇ ಎಲ್ಲಕ್ಕಿಂತ ಚೆಲುವಾದದ್ದು. ಚರಿತ್ರೆಯಲ್ಲೂ ಅದೇ ಮೊದಲು. ಸರಪಳಿಯನ್ನು ಒಳನುಗ್ಗಿಸುವ ಬದಲು ಬಿಡಿ ಕೊಂಡಿಗಳನ್ನು ಒಳಗೆ ಕಳುಹಿಸಿ, ಅಲ್ಲಿಯೇ ಸರಪಳಿಯಾಗಿ ಬೆಳೆಸುವುದು. ಒಳಗೆ ಬೆಳೆಯುವ ಸರಪಳಿಯೇ ಹಾಳೆಗಳನ್ನು ದೂಡಿ ಬೇರ್ಪಡಿಸುತ್ತದೆ. ಬಂಡೆಯ ಬಿರುಕಿನಲ್ಲಿ ಬಿದ್ದ ಅರಳಿಯ ಬೀಜದ ಹಾಗೆ.

ಜಪಾನಿನ ಟೊಯೊಟಾ ಸಂಶೋಧನಾಲಯದವರು ೧೯೮೦ರ ದಶಕದಲ್ಲಿ ಮಾಡಿದ್ದು ಇದನ್ನೇ. ಹನ್ನೆರಡು ಇಂಗಾಲದ ಒಂದು ಅಮೈನೊ ಆಮ್ಲದಿಂದ ಜೇಡಿಯನ್ನು ಒಲಿಸಿ, ನೈಲಾನಿನ ಮೂಲವಸ್ತುವಾದ ಕ್ಯಾಪ್ರೊಲ್ಯಾಕ್ಟಮಿನಲ್ಲಿ ಅದನ್ನು ನೆನೆಸಿ ಉಬ್ಬಿಸಿ, ಸುಮಾರು ೨೫೦ ಡಿಗ್ರಿ ಸೆಂಟಿಗ್ರೇಡಿಗೆ ಕಾಯಿಸಿದರು. ಅಮೈನೊ ಆಮ್ಲದ ಇನ್ನೊಂದು ತುದಿಯಿಂದಲೇ ನೈಲಾನಿನ ಸರಪಳಿ ಮೊಳೆಯಿತು. ಹಾಳೆಗಳು ಬೇರೆಯಾದುವೆಂಬುದಕ್ಕೆ ಸಾಕ್ಷಿ ಏನು? ಕ್ಷಕಿರಣ. ಸಮಾನ ಅಂತರದಲ್ಲಿ ಪೇರಿಸಿದ ಹಾಳೆಗಳು ಕ್ಷಕಿರಣವನ್ನು ಒಂದು ಗೊತ್ತಾದ ಕೋನದಲ್ಲಿ ಚಿಮ್ಮಿಸುತ್ತವೆ. ಅಂತರ ಹಿಗ್ಗಿದರೆ ಆ ಕೋನ ಕಿರಿದಾಗುತ್ತದೆ, ಪೇರಿಕೆಯೇ ಚದುರಿದರೆ ಆ ಗುರುತು ಅಳಿಸಿಹೋಗುತ್ತದೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬಿಡಿ ಹಾಳೆಗಳು ಕರಿಗೆರೆಗಳಾಗಿ ಕಾಣುತ್ತವೆ.

ಅಂಕಿಗಳನ್ನು ಕೇಳಿ. ೧೯೯೩ರಲ್ಲಿ ಅವರು ಪ್ರಕಟಿಸಿದ ಫಲಿತಾಂಶದಲ್ಲಿ ಜೇಡಿಯ ಪಾಲು ತೂಕದಲ್ಲಿ ನೂರಕ್ಕೆ ೪.೨, ಗಾತ್ರದಲ್ಲಿ ಎರಡು ಪಾಲೂ ಇಲ್ಲ. ಅಷ್ಟರಿಂದಲೇ ನೈಲಾನ್ ಎಳೆತವನ್ನು ತಡೆಯುವ ಬಲ ೬೯ ಮೆಗಾಪಾಸ್ಕಲಿನಿಂದ ೧೦೭ಕ್ಕೆ ಏರಿತು. ಎಂದರೆ ಚದರ ಸೆಂಟಿಮೀಟರಿಗೆ ಸುಮಾರು ೭೦೦ ಕಿಲೋಗ್ರಾಂ ಭಾರ ತಡೆಯುತ್ತಿದ್ದುದು ೧,೦೯೦ನ್ನು ತಡೆಯಿತು. ಬಾಗದೆ ನಿಲ್ಲುವ ಗಡಸುತನ ೧.೧ ಗಿಗಾಪಾಸ್ಕಲಿನಿಂದ ೨.೧ಕ್ಕೆ, ಹೆಚ್ಚುಕಡಿಮೆ ಇಮ್ಮಡಿಯಾಯಿತು. ಎಲ್ಲಕ್ಕಿಂತ ಸೋಜಿಗದ್ದು ಶಾಖದ ಪರೀಕ್ಷೆ: ಭಾರ ಹೊತ್ತು ೬೫ ಡಿಗ್ರಿಗೇ ಬಾಗುತ್ತಿದ್ದ ನೈಲಾನ್ ೧೪೫ ಡಿಗ್ರಿಯವರೆಗೆ ತಡೆದುಕೊಂಡಿತು. ಮೋಟಾರಿನ ಎಂಜಿನ್ನಿನ ಪಕ್ಕದಲ್ಲಿ ಇರಿಸಲು ಯೋಗ್ಯವಾದ ಪ್ಲಾಸ್ಟಿಕ್ ಅದು. ಎಂಜಿನ್ನಿನ ಪಟ್ಟಿಯ ಮುಚ್ಚಳವಾಗಿ ಮೊದಲು ಬಳಕೆಗೆ ಬಂದದ್ದೂ ಹಾಗೆಯೇ.

ಇಷ್ಟು ಕಡಿಮೆ ಮಣ್ಣು ಇಷ್ಟು ಕೆಲಸವನ್ನು ಹೇಗೆ ಮಾಡಿತು? ಪ್ಲಾಸ್ಟಿಕ್ಕನ್ನು ಎಳೆದಾಗ ಆ ಎಳೆತವು ಸರಪಳಿಗಳ ಮೂಲಕ ಹಾಳೆಯ ಮೈಗೆ ಹರಿಯುತ್ತದೆ. ಮೈ ಅಗಲವಾಗಿದ್ದಷ್ಟೂ ಹಿಡಿತ ಹೆಚ್ಚು. ಹಾಳೆ ಪ್ಲಾಸ್ಟಿಕ್ಕಿಗಿಂತ ನೂರು ಪಟ್ಟಿಗೂ ಮಿಗಿಲಾಗಿ ಗಡಸಾದ್ದರಿಂದ ಭಾರವನ್ನು ಅದೇ ಹೊರುತ್ತದೆ. ಗುಂಡುಕಣಕ್ಕೆ ಈ ಭಾಗ್ಯವಿಲ್ಲ. ಇಷ್ಟೇ ಅಲ್ಲ, ಹಾಳೆಗೆ ಅಂಟಿಕೊಂಡ ಸರಪಳಿಗಳು ಕುಣಿಯಲಾರವು, ಆದುದರಿಂದ ಶಾಖಕ್ಕೆ ಬೇಗ ಸಡಿಲವಾಗವು. ಗಾಳಿಯೋ ತೇವವೋ ಇಂಥ ಪ್ಲಾಸ್ಟಿಕ್ಕನ್ನು ದಾಟಿಹೋಗಬೇಕಾದರೆ ಹಾಳೆಗಳನ್ನು ಸುತ್ತಿ ಸುತ್ತಿ ಸಾಗಬೇಕು. ಹಳೆಯ ಪೇಟೆಯ ಗಲ್ಲಿಗಳಲ್ಲಿ ದಾರಿ ತಪ್ಪಿದವನಂತೆ.

ಆದರೆ ‘ಬಲ’ ಎಂಬ ಒಂದೇ ಪದದಿಂದ ನಾವು ಮೋಸಹೋಗಬಾರದು. ಇದನ್ನು ಕೋಲಾರದ ಗಣಿಗಾರನಿಗಿಂತ ಚೆನ್ನಾಗಿ ಬಲ್ಲವರು ಯಾರು? ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿತ್ತು. ಅಲ್ಲಿನ ಬಂಡೆ ಬಲವಾದದ್ದೇ. ಆದರೆ ಅಪಾರ ಒತ್ತಡವನ್ನು ತಡೆದು ತಡೆದು, ಮಣಿಯದೆ, ಒಂದು ಗಳಿಗೆಯಲ್ಲಿ ಸಿಡಿಯುತ್ತಿತ್ತು. ಆ ಶಿಲಾಸ್ಫೋಟಗಳಲ್ಲಿ ಸತ್ತವರ ಮನೆಗಳು ಆ ಊರಿನಲ್ಲಿ ಇವೆ. ಆನಿಕೆಯಾಗಿ ಕಟ್ಟಿದ ಕಗ್ಗಲ್ಲಿನ ಕಂಬವೂ ಗಡಸೇ, ಮರದ ದಿಮ್ಮಿಯಾದರೋ ಒತ್ತಡಕ್ಕೆ ನಲುಗಿ, ಕಿರಕಿರನೆ ಸದ್ದು ಮಾಡಿ, ಎಚ್ಚರಿಕೆ ಕೊಟ್ಟು ಮುರಿಯುತ್ತದೆ. ಗಡಸುತನ ಬೇರೆ, ಬಲ ಬೇರೆ, ಒಡೆಯುವ ಮುನ್ನ ಪೆಟ್ಟನ್ನು ನುಂಗಿಕೊಳ್ಳುವ ಗಟ್ಟಿತನ ಬೇರೆ.

ಜೇಡಿ ಬೆರಸಿದ ಪಾಲಿಮರಿನಲ್ಲೂ ಈ ಮೂರನ್ನು ಬೇರೆ ಬೇರೆಯಾಗಿ ಅಳೆಯಬೇಕು. ಗಡಸುತನ ಖಂಡಿತ ಏರುತ್ತದೆ. ಬಲ, ಹಾಳೆಗಳು ನಿಜಕ್ಕೂ ಬಿಡಿಸಿಕೊಂಡಿದ್ದರೆ ಏರುತ್ತದೆ. ಆದರೆ ಎಳೆದಾಗ ಹಿಗ್ಗುವ ಗುಣ ಹಲವು ವೇಳೆ ಕುಗ್ಗುತ್ತದೆ. ಪೆಟ್ಟು ತಾಳುವ ಶಕ್ತಿ ಟೊಯೊಟಾದವರ ನೈಲಾನಿನಲ್ಲಿಯೂ ಗಮನಾರ್ಹವಾಗಿ ಏರಲಿಲ್ಲ. ಹಾಳೆಗಳು ಬಿಡಿಸಿಕೊಳ್ಳದೆ ಗಂಟುಗಳಾಗಿ ಉಳಿದರಂತೂ ಪ್ರತಿಯೊಂದು ಗಂಟೂ ಬಿರುಕಿನ ತವರು. ಮೂರು ಪಾಲಿಗೆ ಚೆನ್ನಾಗಿದ್ದ ವಸ್ತು ಹತ್ತು ಪಾಲಿಗೆ ಕೆಡುವುದು ಇದರಿಂದಲೇ. ನಾಲ್ಕು ಪಾಲಿಗೆ ಇಮ್ಮಡಿಯಾದರೆ ಎಂಟಕ್ಕೆ ನಾಲ್ಮಡಿಯಾಗಲಿ ಎಂಬ ತ್ರೈರಾಶಿಕ ಇಲ್ಲಿ ನಡೆಯದು. ಇನ್ನೊಂದು ತೊಡಕು: ಜೇಡಿಯನ್ನು ಒಲಿಸಿದ ಆ ಅಮೋನಿಯಂ ಲವಣ ೨೦೦ ಡಿಗ್ರಿಯ ಸುಮಾರಿಗೆ ತಾನೇ ಕೊಳೆಯತೊಡಗುತ್ತದೆ, ಅನೇಕ ಪ್ಲಾಸ್ಟಿಕ್ಕುಗಳು ಕರಗುವುದೋ ಅದಕ್ಕೂ ಮೇಲೆ. ಮತ್ತೊಂದು: ಮನೆಯ ಬಕೆಟ್ಟು, ಕುರ್ಚಿಗಳ ಪಾಲಿಪ್ರೊಪಿಲೀನ್ ಎಷ್ಟು ಎಣ್ಣೆಯ ಜಾತಿಯದೆಂದರೆ, ಒಲಿಸಿದ ಜೇಡಿಯೊಂದಿಗೂ ಅದು ಸೇರದು, ಮಧ್ಯಸ್ಥಿಕೆಗೆ ಮೂರನೆಯ ವಸ್ತುವೊಂದು ಬೇಕು. ಮೂವತ್ತು ವರ್ಷಗಳ ಹಿಂದೆ ಈ ವಸ್ತುಗಳ ಬಗೆಗೆ ಹೇಳಿದ ಭವಿಷ್ಯವೆಲ್ಲ ನಿಜವಾಗಿಲ್ಲದಿದ್ದರೆ ಕಾರಣ ಇವೇ. ೨೦೦೨ರಲ್ಲಿ ಜನರಲ್ ಮೋಟಾರ್ಸ್ ತನ್ನ ವ್ಯಾನುಗಳ ಮೆಟ್ಟಿಲಿಗೆ ಇಂಥ ಪ್ಲಾಸ್ಟಿಕ್ಕನ್ನು ಬಳಸಿತು; ಆದರೆ ಲೋಹವನ್ನು ಮೂಲೆಗೆ ತಳ್ಳುತ್ತದೆಂಬ ಮಾತು ಮಾತಾಗಿಯೇ ಉಳಿಯಿತು. ನನ್ನ ಎಣಿಕೆಯಲ್ಲಿ ಅದರ ನಿಜವಾದ ಗೆಲುವು ಬೇರೆ ಕಡೆ ಇದೆ: ಆಹಾರದ ಪೊಟ್ಟಣಗಳಲ್ಲಿ ಗಾಳಿಯನ್ನು ತಡೆಯುವುದು, ವಿದ್ಯುತ್ ತಂತಿಯ ಹೊದಿಕೆಯಲ್ಲಿ ಬೆಂಕಿಯನ್ನು ನಿಧಾನಿಸುವುದು. ಬೆಂಕಿ ತಗಲಿದಾಗ ಪ್ಲಾಸ್ಟಿಕ್ ಉರಿದುಹೋಗಿ ಮೇಲ್ಮೈಯಲ್ಲಿ ಜೇಡಿಯ ಹೊರಪೊರೆ ಕೂಡಿಕೊಳ್ಳುತ್ತದೆ. ಒಳಗಿನದಕ್ಕೆ ಅದೇ ಕವಚ.

ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ, ಗಣಿಯಿಂದ ತಂದ ಜೇಡಿಯನ್ನು ಒಲಿಸುವ ಬದಲು, ಅಮೈನ್ ಗುಂಪುಗಳು ಹುಟ್ಟಿನಿಂದಲೇ ಕೂಡಿಕೊಂಡಿರುವ ಜೇಡಿಯನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿ, ಅದು ನೀರಿನಲ್ಲಿ ಹಾಳೆಹಾಳೆಯಾಗಿ ಬಿಡಿಸಿಕೊಳ್ಳುವ ಗುಣವನ್ನು ಹಲವು ಕೆಲಸಗಳಿಗೆ ಬಳಸಿದ್ದಾರೆ. ಸಾಮಾನ್ಯ ಬಳಕೆಗೆ ಬೇಕಾದ ಉಬ್ಬುವ ಜೇಡಿಗೆ, ಬೆಂಟೊನೈಟ್ ಎಂದು ವ್ಯಾಪಾರದ ಹೆಸರು, ನಮ್ಮ ದೇಶದಲ್ಲಿ ಕೊರತೆಯಿಲ್ಲ. ಗುಜರಾತಿನ ಕಚ್ಛ್, ರಾಜಸ್ಥಾನದ ಬಾಡಮೇರ್ ಅದರ ತವರುಗಳು.

ಈಗ ದಿಬ್ಬಗಳ ಕಡೆಗೆ ಒಮ್ಮೆ. ಗಣಿಯ ಹಿಟ್ಟನ್ನೇ ಪ್ಲಾಸ್ಟಿಕ್ಕಿಗೆ ಬೆರಸಿದರೆ ಈ ಬಲ ಬರುವುದೇ ಎಂದು ಕೇಳುವವರುಂಟು. ಬಾರದು. ಅದು ಹರಳಿನ ಹಿಟ್ಟು; ಅದರಲ್ಲಿ ಬಿಡಿಸಬಹುದಾದ ಹಾಳೆಯಿಲ್ಲ. ಅಗ್ಗದ ತುಂಬುವಸ್ತು ಆಗಬಹುದು, ಅಷ್ಟೆ. ಅದಕ್ಕೆ ಇಟ್ಟಿಗೆಯ ದಾರಿಯೇ ಹೆಚ್ಚು ಪ್ರಾಮಾಣಿಕವಾದದ್ದು. ಉಳಿದ ಚಿನ್ನಕ್ಕಾಗಿ ೧೩ ದಿಬ್ಬಗಳನ್ನು ಮತ್ತೆ ಸೋಸುವ ಕೇಂದ್ರದ ಪ್ರಸ್ತಾವಕ್ಕೆ ೨೦೨೪ರಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ನೀಡಿತು. ಆದರೆ ಸೋಸಿದ ಮೇಲೂ ಹಿಟ್ಟು ಹಿಟ್ಟಾಗಿಯೇ ಉಳಿಯುತ್ತದೆ. ಟನ್ನಿಗೆ ಒಂದು ಗ್ರಾಂ ಚಿನ್ನ ತೆಗೆದರೆ ತೂಕದಲ್ಲಿ ಕಳೆಯುವುದು ಹತ್ತು ಲಕ್ಷದಲ್ಲಿ ಒಂದು ಪಾಲು.

ಅದನ್ನು ಮತ್ತೆ ಎಲ್ಲಿ ಸುರಿಯುವುದು, ಅದರಡಿಯ ನೆಲವನ್ನೂ ನೀರನ್ನೂ ಹೇಗೆ ಕಾಪಾಡುವುದು ಎಂಬಲ್ಲಿ ನಮ್ಮ ಉಬ್ಬುವ ಜೇಡಿ ನಿಜವಾಗಿ ಕೆಲಸಕ್ಕೆ ಬರುತ್ತದೆ. ಕಸದ ಗುಂಡಿಗಳ ಅಡಿಗೂ ಗಣಿಯ ತ್ಯಾಜ್ಯದ ಅಡಿಗೂ ಇಂದು ಹಾಸುವ ಒಂದು ಬಗೆಯ ಕಂಬಳಿಯಿದೆ. ಪಾಲಿಮರ್ ನೂಲಿನ ಎರಡು ಬಟ್ಟೆಗಳ ನಡುವೆ ಬೆಂಟೊನೈಟನ್ನು ಹರಡಿ ಹೊಲಿದಿರುತ್ತಾರೆ. ದಪ್ಪ ಒಂದು ಸೆಂಟಿಮೀಟರಿನ ಸುಮಾರು. ನೀರು ತಗಲಿದೊಡನೆ ಜೇಡಿ ಉಬ್ಬಿ ತನ್ನ ರಂಧ್ರಗಳನ್ನು ತಾನೇ ಮುಚ್ಚಿಕೊಳ್ಳುತ್ತದೆ. ಲವಣ ಹೆಚ್ಚಾಗಿರುವ ನೀರಿನಲ್ಲಿ ಮಾತ್ರ, ಹಾಳೆಗಳ ನಡುವಿನ ಸೋಡಿಯಂ ಜಾಗಕ್ಕೆ ಕ್ಯಾಲ್ಸಿಯಂ ಬಂದು ಕುಳಿತು, ಉಬ್ಬುವ ಗುಣ ಇಳಿಯುತ್ತದೆ, ಕಂಬಳಿ ಸೋರತೊಡಗುತ್ತದೆ. ಇದಕ್ಕೆ ಪರಿಹಾರವಾಗಿ ಜೇಡಿಯ ಹಾಳೆಗಳ ನಡುವೆ ಮೊದಲೇ ಪಾಲಿಮರನ್ನು ಬೆಳೆಸಿ, ಅವು ಮತ್ತೆ ಮುದುಡದಂತೆ ಮಾಡುವ ಪ್ರಯೋಗಗಳು ಹಲವು ದೇಶಗಳಲ್ಲಿ ನಡೆದಿವೆ. ಅಲ್ಲಿ ಅಳೆಯುವುದು ಮೆಗಾಪಾಸ್ಕಲುಗಳನ್ನಲ್ಲ. ಇಂಥ ನೀರು ಆ ಕಂಬಳಿಯನ್ನು ಒಂದು ಸೆಕೆಂಡಿನಲ್ಲಿ ಎಷ್ಟು ದೂರ ದಾಟಿತು ಎಂಬುದನ್ನು.